ಹಸಿದ ಕೋಶಕ್ಕೆ ಅಪ್ಪಣೆ ಕೊಡುವವರು

1980ರ ದಶಕದ ಆರಂಭ. ಮಾಂಟ್ರಿಯಲ್‌ನಲ್ಲಿದ್ದ ಅಯರ್ಸ್ಟ್ ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಬೀಗ ಬೀಳುವ ಹೊತ್ತು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ವಿಜ್ಞಾನಿ ಸುರೇನ್ ಸೆಹಗಲ್ ತಾವು ಬೆಳೆಸಿದ್ದ ಬ್ಯಾಕ್ಟೀರಿಯಾವನ್ನು ಎಸೆಯಲು ಮನಸ್ಸಾಗದೆ ಮನೆಗೆ ಒಯ್ದು ಫ್ರೀಜರಿನಲ್ಲಿಟ್ಟರು. ಮೇಲೆ ‘ತಿನ್ನಬೇಡಿ’ ಎಂದು ಬರೆದಿದ್ದರಂತೆ. ಮುಂದೆ ಅವರು ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದಾಗ ಅದೂ ಜೊತೆಗೆ ಹೋಯಿತು.

ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದ ಮಣ್ಣಿನಲ್ಲಿ. ಅದು ಸ್ರವಿಸುವ ವಸ್ತುವಿಗೆ ದ್ವೀಪದ ಹೆಸರೇ ನಿಂತಿತು: ರಾಪಾಮೈಸಿನ್. 1999ರಲ್ಲಿ ಅದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಔಷಧವಾಯಿತು. ಆದರೆ ಅದು ಕೋಶದೊಳಗೆ ಹಿಡಿಯುವುದು ಯಾರ ಕೈಯನ್ನು? 1991ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್ ಮತ್ತು ಸಂಗಡಿಗರು ಯೀಸ್ಟ್‌ನಲ್ಲಿ ಆ ಪ್ರೋಟೀನಿನ ಜೀನ್ ಪತ್ತೆಹಚ್ಚಿ ‘ಟಾರ್’ ಎಂದು ಕರೆದರು. ಸಸ್ತನಿಗಳಲ್ಲಿ ಅದು ಎಂಟಾರ್.

ಎಂಟಾರ್ ಒಂದು ಕೈನೇಸ್. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡತೆ ಬದಲಿಸುವುದೇ ಕೈನೇಸ್‌ಗಳ ಕಸುಬು.

ಇತ್ತ ಜಪಾನಿನಲ್ಲಿ ಯೋಶಿನೊರಿ ಓಸುಮಿ ಜೀರ್ಣಕಾರಿ ಕಿಣ್ವಗಳಿಲ್ಲದ ಯೀಸ್ಟ್ ಕೋಶಗಳನ್ನು ಉಪವಾಸ ಕೆಡವಿ ನೋಡಿದರು. ಕೆಲವೇ ಗಂಟೆಗಳಲ್ಲಿ ಕೋಶದ ಕುಹರದ ತುಂಬ ಸಣ್ಣ ಚೀಲಗಳು ಜಮಾಯಿಸಿದವು! ಹಸಿದ ಕೋಶ ತನ್ನದೇ ಭಾಗಗಳನ್ನು ಚೀಲಕ್ಕೆ ತುಂಬಿ ಅಲ್ಲಿಗೆ ಸಾಗಿಸಿತ್ತು. ಅರಗಿಸಲು ಕಿಣ್ವಗಳಿರಲಿಲ್ಲ, ಅಷ್ಟೇ. ಈ ಸ್ವಭಕ್ಷಣೆಗೆ, ಅಂದರೆ ಆಟೊಫೇಜಿಗೆ, ಬೇಕಾದ 15 ಜೀನುಗಳ ಸುಳಿವನ್ನು ಅವರ ತಂಡ 1993ರಲ್ಲಿ ಪ್ರಕಟಿಸಿತು. 2016ರಲ್ಲಿ ನೊಬೆಲ್ ಬಂತು. ಪಟ್ಟಿಯ ಮೊದಲ ಜೀನ್ ಎಟಿಜಿ1 ತಯಾರಿಸುವುದೂ ಒಂದು ಕೈನೇಸನ್ನೇ. ನಮ್ಮ ದೇಹದಲ್ಲಿ ಅದರ ನೆಂಟನ ಹೆಸರು ಯುಎಲ್‌ಕೆ1.

ಎರಡು ಕಥೆಗಳು ಕೂಡುವುದು ಇಲ್ಲೇ. ಅಮೈನೊ ಆಮ್ಲಗಳು ಸಾಕಷ್ಟಿದ್ದಾಗ ಎಂಟಾರ್, ಯುಎಲ್‌ಕೆ1ಗೆ ಫಾಸ್ಫೇಟ್ ಅಂಟಿಸಿ ಅದನ್ನು ಸುಮ್ಮನಿರಿಸುತ್ತದೆ. ಪೋಷಕಾಂಶ ಕಡಿಮೆಯಾದರೆ ಎಂಟಾರ್‌ನ ಹಿಡಿತ ಸಡಿಲಿ ಯುಎಲ್‌ಕೆ1 ಎಚ್ಚರಗೊಳ್ಳುತ್ತದೆ, ಚೀಲ ಕಟ್ಟುವ ಕೆಲಸ ಶುರುವಾಗುತ್ತದೆ. ಉಪವಾಸವಿಲ್ಲದೆಯೂ ರಾಪಾಮೈಸಿನ್ ಎಂಟಾರ್ ಅನ್ನು ತಡೆದು ಕೋಶಕ್ಕೆ ಹಸಿವಿನ ಭ್ರಮೆ ಹುಟ್ಟಿಸುವುದು ಹೀಗೆ.

ಮೂರನೆಯ ಕೈನೇಸ್ ಎಎಂಪಿಕೆಯದ್ದು ಮಾತ್ರ ಇನ್ನೂ ಮುಗಿಯದ ತಕರಾರು. ಕೋಶದ ಶಕ್ತಿ ಕುಗ್ಗಿದ್ದನ್ನು ಗುರುತಿಸುವ ಇದು ಯುಎಲ್‌ಕೆ1ನ್ನು ಹುರಿದುಂಬಿಸುತ್ತದೆ ಎಂದು 2011ರ ಪ್ರಬಂಧಗಳು ಹೇಳಿದ್ದವು, ಪಠ್ಯಪುಸ್ತಕಗಳೂ ಒಪ್ಪಿದ್ದವು. 2023ರ ಸಂಶೋಧನೆ ಅದನ್ನು ತಿರುವಿಹಾಕಿತು: ಶಕ್ತಿಯ ಬರ ಬಂದಾಗ ಎಎಂಪಿಕೆ ಯುಎಲ್‌ಕೆ1ಗೆ ತಡೆ ಒಡ್ಡುತ್ತದಂತೆ. ಇಷ್ಟು ಗಂಟೆ ಊಟ ಬಿಟ್ಟರೆ ಆಟೊಫೇಜಿ ಶುರು ಎಂದು ಮೊಬೈಲಿನಲ್ಲಿ ಲೆಕ್ಕ ಒಪ್ಪಿಸುವವರು ಈ ಜಗಳವನ್ನು ಓದಿರಲಾರರು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಇದೇ ಜಾಡಿನಲ್ಲಿದೆ. ಜಿಎಸ್‌ಕೆ3 ಎಂಬ ಕೈನೇಸನ್ನು ತಡೆಯುವ 6-ಬಯೊ ಅಣು ಆಟೊಫೇಜಿಯನ್ನು ಚುರುಕುಗೊಳಿಸುತ್ತದೆ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಕಟ್ಟುವ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನಿನ ಹಾವಳಿ ತಗ್ಗಿಸುತ್ತದೆ ಎಂದು ತಂಡ 2017ರಲ್ಲಿ ವರದಿ ಮಾಡಿತು. ಪರೀಕ್ಷೆ ನಡೆದದ್ದು ಯೀಸ್ಟ್, ಕೋಶಗಳು ಮತ್ತು ಇಲಿಗಳಲ್ಲಿ, ಮನುಷ್ಯರಲ್ಲಲ್ಲ.

ಕ್ಯಾನ್ಸರ್ ಸಂಶೋಧಕರ ಬಯಕೆ ಇದಕ್ಕೆ ತದ್ವಿರುದ್ಧ. ಹಲವು ಗೆಡ್ಡೆಗಳ ಕೋಶಗಳು ಚಿಕಿತ್ಸೆಯ ಏಟನ್ನು ತಾಳಿಕೊಳ್ಳುವುದು ಆಟೊಫೇಜಿಯ ಬಲದಿಂದಲೇ. ಹಾಗಾಗಿ ಯುಎಲ್‌ಕೆ1ನ್ನು ಕಟ್ಟಿಹಾಕುವ ಔಷಧಗಳೂ ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂದಿವೆ.