ನೀರು ಸೀಳಿದ ಕಬ್ಬಿಣ

ನೀರು ತುಂಬಿದ ಗಾಜಿನ ಸೀಸೆಯನ್ನು ಫ್ರಿಜ್ಜಿನ ಹಿಮದ ಅರೆಯಲ್ಲಿಟ್ಟು ಮರೆತವರು, ಮಾರನೆಯ ದಿನ ಅದು ಬಿರಿದುದನ್ನು ಕಂಡಿರಬಹುದು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ೯ ಪಾಲು ಹಿಗ್ಗುತ್ತದೆ. ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುವುವು. ನೀರಿನ ನಡತೆ ವಿಪರೀತ. ಸೀಸೆಯನ್ನೊಡೆದ ಈ ಹಿಗ್ಗೇ ದಪ್ಪನಾದ ಬೀಡು ಕಬ್ಬಿಣವನ್ನೂ ಸೀಳಬಲ್ಲುದು. ಚಳಿಯ ನಾಡಿನ ದೋಣಿಗಾರರಿಗೆ ಇದು ಪ್ರತಿ ವರ್ಷದ ಭಯ.

ಅಮೆರಿಕದ ಮಿನೆಸೋಟ ಸೀಮೆಯಲ್ಲಿ ಸರೋವರಗಳು ಸಾವಿರಾರು. ಚಳಿಗಾಲದಲ್ಲಿ ಅವು ಹೆಪ್ಪುಗಟ್ಟಿ, ಜನರು ಮೇಲೆ ನಡೆದಾಡುವಷ್ಟು ಗಟ್ಟಿಯಾಗುತ್ತವೆ. ಅದಕ್ಕೆ ಮುಂಚೆಯೇ ದೋಣಿಗಳನ್ನು ದಡಕ್ಕೆಳೆದು ಹೊದಿಕೆ ಹಾಕಿಡುವರು. ಆದರೆ ದೋಣಿ ದಡಕ್ಕೆ ಬಂದರೂ ಸರೋವರದ ನೀರು ಅದರ ಯಂತ್ರವನ್ನು ಬಿಟ್ಟಿರುವುದಿಲ್ಲ. ಮೋಟಾರು ಕಾರು ತನ್ನ ನೀರನ್ನು ತಾನೇ ಹೊತ್ತಿರುತ್ತದೆ. ಅನೇಕ ದೋಣಿಗಳಾದರೋ ಹೊರಗಿನ ನೀರನ್ನೇ ಪಂಪಿನಿಂದೆಳೆದು, ಯಂತ್ರದ ಒಡಲಲ್ಲಿ ಸುತ್ತಾಡಿಸಿ, ಹೊಗೆಯೊಡನೆ ಹೊರಚೆಲ್ಲುತ್ತವೆ. ಒಡಲಿನ ಪೊಟರೆಗಳಲ್ಲಿ ಉಳಿದ ಆ ನೀರೇ ಶತ್ರು.

ಬುಡದ ತಿರುಪುಗಳನ್ನು ಬಿಚ್ಚಿ ನೀರು ಬಸಿಯುವುದು ಮೊದಲ ಉಪಾಯ. ಮೋಸ ಹೋಗುವುದೂ ಇಲ್ಲಿಯೇ. ತಿರುಪು ಬಿಚ್ಚಿದಾಗ ಒಂದು ಹನಿಯೂ ಬಾರದಿದ್ದರೆ ಒಳಗೆ ನೀರಿಲ್ಲವೆಂದು ಸಂತೋಷಪಡಬಾರದು. ಮರಳೂ ತುಕ್ಕೂ ಸೇರಿ ರಂಧ್ರವನ್ನು ಮುಚ್ಚಿರುತ್ತವೆ. ಗಟ್ಟಿ ತಂತಿಯಿಂದ ತಿವಿದರೆ ಕೆಂಪು ನೀರು ಭೋರೆಂದು ಸುರಿಯುವುದುಂಟು. ಮೇಲಿನಿಂದ ಹೆಪ್ಪುನಿರೋಧಕ ದ್ರವವನ್ನು ಹೊಯ್ದರೆ ಸಾಕೆಂಬುವರೂ ಇದ್ದಾರೆ. ಆದರೆ ತಣ್ಣಗಿರುವ ಯಂತ್ರದ ಥರ್ಮೋಸ್ಟಾಟ್ ಮುಚ್ಚಿಕೊಂಡಿರುವುದರಿಂದ ಆ ದ್ರವ ಒಡಲನ್ನು ಮುಟ್ಟದೆ ಹೊರಟುಹೋಗಬಹುದು. ಮೊದಲು ಬಸಿದು, ಆಮೇಲೆ ಹೊಯ್ಯತಕ್ಕದ್ದು. ಹೊಯ್ಯುವುದಾದರೆ ಪ್ರೊಪಿಲೀನ್ ಗ್ಲೈಕಾಲ್ ಲೇಸು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ ಸಾಯುತ್ತದೆ.

ಯಂತ್ರದ ಪಕ್ಕದಲ್ಲಿ ಲೋಹದ ತೆಳುಬಿಲ್ಲೆಗಳಿವೆ. ಅವು ಕಳಚಿ ಬಿದ್ದು ಯಂತ್ರವನ್ನು ಕಾಯುವುವೆಂದು ಹಲವರ ನಂಬಿಕೆ. ಅವು ಎರಕದ ಕಾಲದ ಮರಳು ತೆಗೆಯಲು ಬಿಟ್ಟ ಕಂಡಿಗಳ ಮುಚ್ಚಳಗಳು, ಅಷ್ಟೆ. ಅದೃಷ್ಟವಿದ್ದರೆ ಕಳಚುವುವು, ಇಲ್ಲದಿದ್ದರೆ ಕಬ್ಬಿಣವೇ ಬಿರಿಯುವುದು.

ಹೀಗೆ ಬಿರಿದರೂ ಚಳಿಗಾಲವೆಲ್ಲ ಯಾರಿಗೂ ತಿಳಿಯದು. ಬಿರುಕನ್ನು ಹಿಮವೇ ಮುಚ್ಚಿರುತ್ತದೆ. ವಸಂತದಲ್ಲಿ ಹೊದಿಕೆ ತೆಗೆದವರು ಆತುರದಿಂದ ಯಂತ್ರವನ್ನು ಚಾಲಿಸಬಾರದು. ಪಕ್ಕಗಳಲ್ಲಿ ಕೂದಲೆಳೆಯಂಥ ಗೆರೆಯಾಗಲಿ, ತುಕ್ಕಿನ ಜಾಡಾಗಲಿ ಇದೆಯೇ ಎಂದು ನೋಡಬೇಕು. ಬಳಿಕ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಬೇಕು. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ಅದರಲ್ಲಿ ನೀರು ಸೇರಿದೆ. ಅಲ್ಲಿಗೆ ಕೈ ನಿಲ್ಲಿಸಬೇಕು: ಸಿಲಿಂಡರಿನೊಳಗೆ ನೀರು ಇಳಿದಿದ್ದರೆ ಅದು ಗಾಳಿಯಂತೆ ಅದುಮಿಕೊಳ್ಳದು, ತಿರುಗಿಸಿದಾಗ ಉಕ್ಕಿನ ಸರಳನ್ನೇ ಬಗ್ಗಿಸುವುದು. ಎಣ್ಣೆ ಶುದ್ಧವಾಗಿದ್ದರೂ, ನೀರಿನ ಹಾದಿಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆಯನ್ನು ಪರೀಕ್ಷಿಸಿದ ಬಳಿಕವೇ ನೆಮ್ಮದಿ.

ಹೊಗೆಯ ಕೊಳವೆಯ ಕವಚವಾಗಲಿ, ಪಂಪಿನ ಗೂಡಾಗಲಿ ಒಡೆದಿದ್ದರೆ ಬೇರೆ ತಂದು ಕೂರಿಸಬಹುದು. ಒಡಲೇ ಹೊರಮೈಯಲ್ಲಿ ಬಿರಿದಿದ್ದರೆ, ಬಿರುಕಿನುದ್ದಕ್ಕೂ ಸಾಲಾಗಿ ತಿರುಪುಗಳನ್ನು ಹೂಡಿ ಹೊಲಿಯುವ ಕುಶಲಿಗಳಿದ್ದಾರೆ. ಬೆಸುಗೆ ಕಷ್ಟ, ಇಡಿಯ ತುಂಡನ್ನು ಹದವಾಗಿ ಕಾಯಿಸದಿದ್ದರೆ ಬೀಡು ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಒಳಗೋಡೆ ಒಡೆದರೆ ಸಾಮಾನ್ಯವಾಗಿ ಬೇರೆ ಯಂತ್ರವೇ ಗತಿ. ಮೀನಿನ ಬೇಟೆಗೆ ಬಂದವರನ್ನು ಬೇಸಗೆಯಲ್ಲಿ ಕರೆದೊಯ್ದು ಸಂಸಾರ ಸಾಗಿಸುವವನಿಗೆ ಇದು ಸಣ್ಣ ನಷ್ಟವಲ್ಲ.

ದೋಣಿಯ ಹಿಂಬದಿಯಲ್ಲಿ ತೂಗುಹಾಕುವ ಸಣ್ಣ ಯಂತ್ರಗಳಿಗೆ ಈ ಕಷ್ಟ ಕಡಮೆ. ನೆಟ್ಟಗೆ ನಿಲ್ಲಿಸಿದರೆ ನೀರು ತಾನೇ ಇಳಿದುಹೋಗುತ್ತದೆ. ಓರೆಯಾಗಿ ಎತ್ತಿಟ್ಟರೆ ಮಾತ್ರ ಉಳಿಯುತ್ತದೆ.