ಶಸ್ತ್ರಕ್ರಿಯೆ ಮುಗಿದ ಮೇಲಿನ ರಾತ್ರಿ

‘ಮೈಕೈ ತುಂಬಿಕೊಂಡಿದ್ದಾನೆ’ ಎಂಬುದು ನಮ್ಮ ಹಿರಿಯರ ಬಾಯಲ್ಲಿ ಮೆಚ್ಚುಗೆಯ ಮಾತು. ಆದರೆ ಆ ತುಂಬುವಿಕೆ ಮಿತಿಮೀರಿದಾಗ ಮಂಡಿ ಸೋಲುತ್ತದೆ, ಸಕ್ಕರೆ ಕಾಯಿಲೆ ಬೆನ್ನು ಹತ್ತುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಪಥ್ಯಕ್ಕೂ ವ್ಯಾಯಾಮಕ್ಕೂ ಮಣಿಯದ ಇಂತಹ ಸ್ಥೂಲಕಾಯಕ್ಕೆ ಜಠರವನ್ನೇ ಕಿರಿದುಗೊಳಿಸುವ ಶಸ್ತ್ರಕ್ರಿಯೆ ಈಗ ನಮ್ಮ ನಗರಗಳಲ್ಲಿಯೂ ನಡೆಯುತ್ತಿದೆ.

ಹುಣ್ಣಿನ ರೋಗಕ್ಕಾಗಿ ಜಠರದ ಬಹುಭಾಗವನ್ನು ತೆಗೆಸಿಕೊಂಡವರು ಮತ್ತೆ ಸುಲಭವಾಗಿ ದಪ್ಪಗಾಗುವುದಿಲ್ಲವೆಂಬುದನ್ನು ಗಮನಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಡಾಕ್ಟರ್ ಎಡ್ವರ್ಡ್ ಮೇಸನ್. ಆ ಸುಳಿವನ್ನೇ ಹಿಡಿದು 1966ರಲ್ಲಿ ಅವರು ಜಠರದ ಮೇಲ್ಭಾಗವನ್ನು ಬೇರ್ಪಡಿಸಿ ಕರುಳಿಗೆ ಜೋಡಿಸುವ ಕ್ರಮವನ್ನು ಆರಂಭಿಸಿದರು. ಜಠರದ ಸುಮಾರು ಮುಕ್ಕಾಲು ಪಾಲನ್ನು ಉದ್ದುದ್ದಕ್ಕೆ ಕತ್ತರಿಸಿ, ಉಳಿದುದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಮಾಡುವ ವಿಧಾನ ಆಮೇಲೆ ಬಂದುದು.

ವೈದ್ಯರು ಹೊರಗೆ ಬಂದು ‘ಎಲ್ಲವೂ ಸುಸೂತ್ರವಾಯಿತು’ ಎಂದೊಡನೆ ಬಂಧುಗಳು ನಿಟ್ಟುಸಿರು ಬಿಡುತ್ತಾರೆ. ಹೆಚ್ಚಿನವರು ಮರುದಿನವೇ ಎದ್ದು ಓಡಾಡುವುದೂ ನಿಜ. ಆದರೆ ತೂಕ ವಿಪರೀತವಾಗಿರುವವರು, ಹೃದಯ ಅಥವಾ ಶ್ವಾಸಕೋಶದ ದೌರ್ಬಲ್ಯವುಳ್ಳವರು, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ತೀವ್ರವಾಗಿರುವವರು ಮೊದಲ ರಾತ್ರಿಯನ್ನು ತೀವ್ರ ನಿಗಾ ಘಟಕದಲ್ಲಿ ಕಳೆಯಬೇಕಾಗಬಹುದು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ಶ್ವಾಸಕೋಶಗಳನ್ನು ಒತ್ತುತ್ತದೆ. ಆದುದರಿಂದ ಮಂಚದ ತಲೆಭಾಗವನ್ನು ಎತ್ತರಿಸಿರುತ್ತಾರೆ. ನೋವು ಮರೆಸುವ ಮಾರ್ಫಿನ್ ಜಾತಿಯ ಮದ್ದು ಉಸಿರನ್ನೂ ಮಂದಗೊಳಿಸುವುದರಿಂದ ಅದನ್ನು ಕೈಹಿಡಿದು ಕೊಡುತ್ತಾರೆ. ಮನೆಯಲ್ಲಿ ರಾತ್ರಿ ಉಸಿರಾಟದ ಯಂತ್ರ ಬಳಸುವವರು ಅದನ್ನು ಆಸ್ಪತ್ರೆಗೂ ಒಯ್ಯಬೇಕು. ರಕ್ತದೊತ್ತಡ ಅಳೆಯುವ ಪಟ್ಟಿಯಂತಹ ಅಲ್ಪ ವಸ್ತುವೂ ಇಲ್ಲಿ ಅಲ್ಪವಲ್ಲ: ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ಹೊಲಿಗೆಯ ಸೋರಿಕೆಯದು. ಜಠರದ ರಸ ಒಳಗೆ ಸೋರಿದರೆ ಸಾಮಾನ್ಯ ದೇಹದವರ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಸ್ಥೂಲಕಾಯ ಆ ಗುರುತನ್ನು ಮುಚ್ಚಿಡುತ್ತದೆ. ಆಗ ಮೊದಲು ಮಾತಾಡುವುದು ನಾಡಿ. ಅದು ನಿಮಿಷಕ್ಕೆ 120ನ್ನು ದಾಟಿ ಇಳಿಯದೆ ನಿಂತರೆ, ಜತೆಗೆ ಜ್ವರವೋ ಏದುಸಿರೋ ಕಾರಣ ತೋರದ ಕಳವಳವೋ ಇದ್ದರೆ, ನುರಿತ ವೈದ್ಯರು ‘ನೋವಿಗಿರಬೇಕು’ ಎಂದು ಸುಮ್ಮನಾಗುವುದಿಲ್ಲ. ಸ್ಕ್ಯಾನ್ ಏನನ್ನೂ ತೋರಿಸದಿದ್ದರೂ ಅನುಮಾನ ಬಲವಾಗಿದ್ದರೆ ಮತ್ತೆ ಶಸ್ತ್ರಕ್ರಿಯೆಗೆ ಒಯ್ಯುವುದುಂಟು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ನುಗ್ಗಿದರೂ ನಾಡಿ ಹೀಗೆಯೇ ಓಡುತ್ತದೆ. ನೋವೆಂದು ಗೊಣಗುವ ರೋಗಿಯನ್ನು ದಾದಿಯರು ಅದೇ ದಿನ ಎಬ್ಬಿಸಿ ನಡೆಸುವುದು ನಿಷ್ಕರುಣೆಯಿಂದಲ್ಲ.

ಮನೆಗೆ ಬಂದಮೇಲೂ ಒಂದು ಎಚ್ಚರ ಬೇಕು. ವಾರಗಟ್ಟಲೆ ವಾಂತಿ ನಿಲ್ಲದಿದ್ದರೆ ದೇಹದಲ್ಲಿ ಬಿ-1 ಜೀವಸತ್ತ್ವ ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಬರಿಯ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಧಕ್ಕೆಯಾಗಿ, ನೋಟ ಎರಡಾಗಿ, ನಡಿಗೆ ತೂರಾಡಿ, ನೆನಪೇ ಅಳಿಸಿಹೋಗಬಹುದು. ಆದುದರಿಂದ ಯಾವ ಆಸ್ಪತ್ರೆಗೆ ಹೋದರೂ ಬಾಗಿಲಲ್ಲಿಯೇ ‘ಇವರಿಗೆ ಜಠರದ ಶಸ್ತ್ರಕ್ರಿಯೆಯಾಗಿದೆ, ವಾಂತಿ ಇಷ್ಟು ದಿನದಿಂದ ಇದೆ’ ಎಂದು ಮನೆಯವರು ಹೇಳಬೇಕು.