ಬುಟ್ಟಿಯ ಮರಿ ಯಾವ ತಳಿಯದು?

ಗುಲಾಬಿ, ಹಸಿರು, ನೇರಿಳೆ ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವವರನ್ನು ಹೈದರಾಬಾದಿನಲ್ಲಿ ಕಾಣದವರು ವಿರಳ. ಚಾರ್‌ಮಿನಾರಿಗೆ ಸಮೀಪದ ಮೆಹಬೂಬ್ ಚೌಕಕ್ಕೆ ಮುರ್ಗಿ ಚೌಕವೆಂಬ ಹೆಸರು ಬಂದದ್ದೇ ಕೋಳಿಯ ವ್ಯಾಪಾರದಿಂದ. ಮಗುವಿನ ಹಟಕ್ಕೆ ಮಣಿದ ತಂದೆ ಒಂದು ಮರಿಯನ್ನು ಮನೆಗೆ ತಂದನೆನ್ನೋಣ. ಊರಿನಿಂದ ಬಂದ ಅಜ್ಜಿಯ ಮೊದಲ ಪ್ರಶ್ನೆ: "ಇದು ಯಾವ ಜಾತಿಯದಪ್ಪಾ? ನಾಟಿಯೋ, ಫಾರಂ ಕೋಳಿಯೋ?"

ಬಳಿದ ಬಣ್ಣ ಏನನ್ನೂ ಹೇಳದು. ಅದರಡಿಯ ತುಪ್ಪುಳು ಬಹುಮಟ್ಟಿಗೆ ಹಳದಿ. ಆದರೆ ಹಳದಿ ಮರಿಯಲ್ಲಿಯೂ ಎರಡು ಬಗೆಯುಂಟು. ಒಂದು, ಮಾಂಸಕ್ಕಾಗಿ ಬೆಳೆಸುವ ಬ್ರಾಯ್ಲರ್. ಇನ್ನೊಂದು, ಬಿಳಿ ಲೆಗ್‌ಹಾರ್ನ್ ವಂಶದ ಮೊಟ್ಟೆಕೋಳಿಯ ಗಂಡುಮರಿ. ಮರಿ ಮಾಡುವ ಕೇಂದ್ರಗಳಲ್ಲಿ ಮೊದಲ ದಿನವೇ ರೆಕ್ಕೆಯ ಗರಿಗಳ ಉದ್ದವನ್ನು ನೋಡಿ ಗಂಡು ಹೆಣ್ಣುಗಳನ್ನು ಬೇರ್ಪಡಿಸುತ್ತಾರೆ. ಈ ಗಂಡು ಮೊಟ್ಟೆಯಿಡದು, ಬೇಗ ಮೈದುಂಬದು. ಲೆಕ್ಕಪುಸ್ತಕದಲ್ಲಿ ಅದು ನಷ್ಟದ ಬಾಬ್ತು. ಹೆಚ್ಚಿನವು ಅಂದೇ ಕೊನೆಗಾಣುತ್ತವೆ. ಕೆಲವು ಬುಟ್ಟಿ ಸೇರುತ್ತವೆ.

ಇವೆರಡರ ಭೇದ ಎರಡು ಮೂರು ವಾರಗಳಲ್ಲಿ ತಾನಾಗಿ ತಿಳಿಯುತ್ತದೆ. ಕಾಲು ದಪ್ಪಗಾಗಿ, ಎದೆ ಅಗಲವಾಗಿ, ತಿಂದು ಕೂರುವುದೇ ಕೆಲಸವಾದರೆ ಬ್ರಾಯ್ಲರ್. ಅದು ಆರು ವಾರಗಳಲ್ಲಿ ಸುಮಾರು 2 ಕಿಲೋ ತೂಗುತ್ತದೆ. ಸಾಕುಪ್ರಾಣಿಯಾಗಿ ಉಳಿಸಿಕೊಂಡರೆ ತನ್ನ ಭಾರಕ್ಕೆ ತಾನೇ ಕುಂಟಬಹುದು. ಮೈ ಸಣಕಲಾಗಿ, ನೆತ್ತಿಯ ಜುಟ್ಟು ಬೇಗ ಕೆಂಪೇರಿ ಗರಗಸದಂತೆ ನಿಂತರೆ ಲೆಗ್‌ಹಾರ್ನ್ ಹುಂಜ.

ಮರಿ ಹಳದಿಯಲ್ಲದಿದ್ದರೆ? ಕಪ್ಪು ಮರಿಯನ್ನೆಲ್ಲ ಕಡಕ್‌ನಾಥ್ ಎಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಆ ತಳಿಯಲ್ಲಿ ಕೊಕ್ಕು, ಕಾಲು, ಚರ್ಮಗಳಿಗೂ ಕಪ್ಪು ಹರಡಿರುತ್ತದೆ. ತುಪ್ಪುಳನ್ನು ಮಾತ್ರ ನೋಡಿ ಹಣ ಕೊಡುವುದು ಜಾಣತನವಲ್ಲ. ಅಳಿಲಿನಂತೆ ಬೆನ್ನ ಮೇಲೆ ಪಟ್ಟೆಗಳಿದ್ದರೆ ನಾಟಿಯ ರಕ್ತವಿರಬಹುದು. ನೀಳ ಕಾಲು, ನೆಟ್ಟನೆಯ ನಿಲುವು, ಕಾಳುಗಳನ್ನು ಪೋಣಿಸಿದಂತಹ ಗಿಡ್ಡ ಜುಟ್ಟು ಅಸೀಲ್ ತಳಿಯ ಗುರುತುಗಳು. ಅವು ಬೆಳೆದಂತೆ ಮಾತ್ರ ಸ್ಪಷ್ಟವಾಗುತ್ತವೆ. ಅಸೀಲ್ ಎಂದರೆ ಅರಬ್ಬಿಯಲ್ಲಿ ಅಪ್ಪಟ ಎಂದರ್ಥ. ಬುಟ್ಟಿಯಲ್ಲಿ ಅಪ್ಪಟವಾದುದು ಸಿಗುವುದು ಅಪರೂಪ.

ಬಣ್ಣಬಣ್ಣದ ಮರಿ ವನರಾಜವೂ ಆಗಿರಬಹುದು. ನಗರದ ರಾಜೇಂದ್ರನಗರದಲ್ಲಿ 1988ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಕುಕ್ಕುಟ ಸಂಶೋಧನಾ ಸಂಸ್ಥೆಯು ಹಿತ್ತಲ ಸಾಕಣೆಗೆಂದು ವನರಾಜ, ಗ್ರಾಮಪ್ರಿಯ ಕೋಳಿಗಳನ್ನು ರೂಪಿಸಿತು. ನಮ್ಮ ಬೆಂಗಳೂರಿನ ಹೆಬ್ಬಾಳದ ಗಿರಿರಾಜವೂ ಇಂತಹುದೇ. ಇವು ಬೆರಕೆಯಿಂದ ಪಡೆದವು. ಇವುಗಳ ಸಂತತಿಯಲ್ಲಿ ತಾಯಿತಂದೆಯರ ಗುಣ ಹಾಗೆಯೇ ಉಳಿಯದು.

ತಳಿ ತಿಳಿಯುವವರೆಗೆ ಮರಿ ಬದುಕಬೇಕಷ್ಟೆ. ಒಡಲೊಳಗೆ ಉಳಿದ ಮೊಟ್ಟೆಯ ಹಳದಿಯ ಬಲದಿಂದ ಅದು ಎರಡು ಮೂರು ದಿನ ಆಹಾರವಿಲ್ಲದೆಯೂ ಚಟುವಟಿಕೆಯಿಂದಿರುತ್ತದೆ. ಕೊಂಡಾಗ ಕುಣಿಯುತ್ತಿದ್ದ ಮರಿ ಮೂರನೆಯ ದಿನ ಮುದುರಿ ಬೀಳುವುದಕ್ಕೆ, ಮಗು ಅತ್ತು ಮನೆಯನ್ನು ತುಂಬುವುದಕ್ಕೆ, ಇದೂ ಒಂದು ಕಾರಣ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯ ಮೇಲೆ ಹಳೆಯ ಬಗೆಯ ಬಿಸಿಯಾಗುವ ಬಲ್ಬು ತೂಗಿದರೆ, ಚಳಿಯಾದಾಗ ಮರಿ ಹತ್ತಿರ ಬರುತ್ತದೆ, ಸೆಕೆಯಾದಾಗ ದೂರ ಸರಿಯುತ್ತದೆ. ನುಣ್ಣಗೆ ಒಡೆದ ಮರಿಯ ಆಹಾರ ಮತ್ತು ಆಳವಿಲ್ಲದ ತಟ್ಟೆಯಲ್ಲಿ ನೀರು ಸಾಕು. ಬಣ್ಣವನ್ನು ತೊಳೆಯಹೋಗಬಾರದು; ನೆನೆದ ಮರಿ ಚಳಿಗೇ ಸಾಯುತ್ತದೆ. ಹೊಸ ಗರಿ ಬಂದಂತೆ ಬಣ್ಣ ತಾನೇ ಮರೆಯಾಗುತ್ತದೆ.

ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲಿಯೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ವಾಂತಿಭೇದಿಗೆ ಅದು ಕಾರಣ. ಐದು ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಅಪಾಯ ಹೆಚ್ಚು. ಮರಿಯನ್ನು ಮುಟ್ಟಿದೊಡನೆ ಸೋಪಿನಿಂದ ಕೈ ತೊಳೆಯಬೇಕು, ಮುದ್ದಿಸಿ ಮುತ್ತಿಡಗೊಡಬಾರದು, ಅದರ ತಟ್ಟೆಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲಿಯೇ ಪಶುವೈದ್ಯರಲ್ಲಿ ವಿಚಾರಿಸುವುದು ಒಳಿತು.

ಇಷ್ಟೆಲ್ಲ ಆಗಿ ಮರಿ ಉಳಿದರೆ, ಅದು ಗಂಡಾಗಿರುವ ಸಂಭವವೇ ಹೆಚ್ಚು. ಕೆಲವೇ ತಿಂಗಳಲ್ಲಿ ಮೂರನೆಯ ಮಹಡಿಯ ಬಾಲ್ಕನಿಯಿಂದ ನಸುಕಿನ ನಾಲ್ಕು ಗಂಟೆಗೆ ಅದು ಕೂಗತೊಡಗುತ್ತದೆ. ಕೆಳಮನೆಯವರೊಡನೆ ಮೊದಲೇ ಮಾತಾಡಿಟ್ಟುಕೊಳ್ಳುವುದು ಲೇಸು.